ಗಾಯಗೊಂಡವರು: ಒಬ್ಬರು

ಅಚ್ಚುಮನೆ, ಮೇಲಂತಸ್ತು
ಮಾರ್ಚ್ ೧೧, ಮಂಗಳವಾರ

ಭೂಕಂಪಗಳ ಯಜಮಾನರಿಗೆ, ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿಯಾಗಿರುವವಳ ನಮಸ್ಕಾರ.

ನಿಮ್ಮ ‘ಬೆಟ್ಟನಾಡಿನ ಭೂಕಂಪಗಳ ಚರಿತ್ರೆ’ಯ ಕರಡು ನನ್ನ ಮೇಜಿಗೇ ಬಂದು ಬಿದ್ದಿದೆ. ಇಲ್ಲಿ ಕರಡು ತಿದ್ದುವವರು ಮೂವರು. ಒಬ್ಬರಿಗೆ ಕಣ್ಣಿನ ಆಪರೇಷನ್, ಇನ್ನೊಬ್ಬಳಿಗೆ ಬಾಣಂತನ. ಹಣೆಬರಹ ನೋಡಿ, ನೀವು ಗಂಟುಮೂಟೆ ಕಟ್ಟಿಕೊಂಡು ಗುಡ್ಡದ ವೀಕ್ಷಣಾಲಯ ಸೇರಿ ಆರು ವರ್ಷವಾದರೂ ನಿಮ್ಮ ತಪ್ಪು ತಿದ್ದುವುದು ನನಗೆ ತಪ್ಪಲಿಲ್ಲ.

ಮುನ್ನೂರು ವರ್ಷ, ನಲವತ್ತೊಂದು ಭೂಕಂಪ. ಗುಡ್ಡ ಜಾರಿ ಹೊಳೆಯನ್ನು ತಡೆದದ್ದು, ಗಂಟೆಗೋಪುರ ಉರುಳಿದ್ದು, ಕುರಿಮಂದೆ ಮುಂಚೆಯೇ ಬೆಚ್ಚಿ ಇಳಿಜಾರಿಗೆ ಓಡಿದ್ದು, ಎಲ್ಲವನ್ನೂ ತಾರೀಖು, ಗಂಟೆ, ನಿಮಿಷದ ಸಮೇತ ಬರೆದಿದ್ದೀರಿ. ನಮ್ಮ ಮದುವೆಯ ತಾರೀಖನ್ನು ಮಾತ್ರ ಪ್ರತಿ ವರ್ಷ ನಾನೇ ನೆನಪಿಸಬೇಕಿತ್ತು.

ಕೃತಜ್ಞತೆಯ ಪುಟವನ್ನು ಮೂರು ಸಲ ಓದಿದೆ. ಮೇಲಿನ ಹಳ್ಳಿಯ ಹಳೆಯ ದಫ್ತರಗಳನ್ನು ಓದಿಕೊಟ್ಟ ನಿಮ್ಮ ಲಿಪಿತಜ್ಞೆಗೆ, ನಾನಿಟ್ಟ ಹೆಸರಿನಲ್ಲಿ ಹೇಳುವುದಾದರೆ ಲಿಪಿಯಮ್ಮನಿಗೆ, ಒಂದೂವರೆ ಪುಟ! ‘ಅಪಾರ’ ಎಂಬ ಪದ ಎರಡು ಸಲ ಬಂದಿತ್ತು, ಒಂದನ್ನು ಹೊಡೆದುಹಾಕಿದ್ದೇನೆ. ಅದು ಹೊಟ್ಟೆಕಿಚ್ಚಲ್ಲ, ನನ್ನ ಕೆಲಸ. ಆಯಿತು, ಹೊಟ್ಟೆಕಿಚ್ಚೂ ಹೌದು.

ಕೊನೆಯ ಭೂಕಂಪ ನಿಮಗೆ ನೆನಪಿರಲೇಬೇಕು, ಹನ್ನೊಂದು ವರ್ಷದ ಹಿಂದಿನದು. ನೆಲ ಅಲುಗಾಡಿದ ಮರುದಿನವೇ ಅಳತೆಪಟ್ಟಿ ಹಿಡಿದು ಅವಳ ಜೊತೆ ಮೇಲಿನ ಹಳ್ಳಿಗೆ ಹೊರಟುಹೋದಿರಿ. ಐದು ದಿನ ಸುದ್ದಿಯಿಲ್ಲ. ಮನೆಯಲ್ಲಿ ನಾನು ಬದುಕಿದ್ದೇನೋ ಇಲ್ಲವೋ ಎಂದು ಪಕ್ಕದ ಮನೆಯ ದರ್ಜಿ ವಿಚಾರಿಸಿದ, ನೀವು ವಿಚಾರಿಸಲಿಲ್ಲ. ಬರೀ ಬಿರುಕು ಎಣಿಸುತ್ತಿದ್ದೆವು ಮಾರಾಯ್ತಿ ಅಂತ ಆಮೇಲೆ ಹೇಳಿದಿರಿ. ಇರಬಹುದು. ಇವತ್ತಿಗೂ ನಾನು ಪೂರ್ತಿ ನಂಬಿಲ್ಲ.

ನಮ್ಮ ಅಡುಗೆಮನೆಯ ಗೋಡೆಯೂ ಬಿರಿದಿದೆ, ಗಾರೆ ಬಿದ್ದು ನನ್ನ ಹೆಬ್ಬೆರಳು ಜಜ್ಜಿದೆ ಎಂದು ಹೇಳಿಕಳಿಸಿದ ಮೇಲೆ ಓಡಿಬಂದಿರಿ. ಬೂಟು ಕೂಡ ಬಿಚ್ಚದೆ ಗೋಡೆ ಅಳೆದಿರಿ. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ತೊಳೆದು, ಬಟ್ಟೆ ಸುತ್ತಿದಿರಿ. ಆ ಸಂಜೆಯಷ್ಟು ಹೊತ್ತು ನೀವು ನನ್ನ ಕೈ ಹಿಡಿದುಕೊಂಡ ಇನ್ನೊಂದು ದಿನ ನನಗೆ ನೆನಪಿಲ್ಲ.

ಪುಟ ೨೧೨ರಲ್ಲಿ ಅದು ಅಚ್ಚಾಗಿದೆ. ‘ಕೆಳಗಿನ ಪೇಟೆ: ತೀವ್ರತೆ ಏಳು. ಆಧಾರ: ಒಂದು ಮನೆಯ ಅಡುಗೆಮನೆಯ ಗೋಡೆ. ಗಾಯಗೊಂಡವರು: ಒಬ್ಬರು.’ ಪಾತ್ರೆ ಉರುಳಿದರೆ ಐದು, ಗಟ್ಟಿ ಗೋಡೆ ಬಿರಿದರೆ ಏಳು ಎಂದು ಪಾಠ ಹೇಳಿದವರು ನೀವೇ. ನಿಮ್ಮ ಇಡೀ ಪುಸ್ತಕದಲ್ಲಿ ನಾನಿರುವುದು ಆ ಒಂದು ಸಾಲಿನಲ್ಲಿ, ಹೆಸರಿಲ್ಲದೆ.

ಕೊನೆಯ ಪುಟದಲ್ಲಿ, ಗೋಡೆ ಗಟ್ಟಿ ಮಾಡಿಸಬೇಕಾದ ಶಾಲೆಗಳ ಪಟ್ಟಿಯನ್ನೂ ನೋಡಿದೆ. ತೀವ್ರತೆಯ ಲೆಕ್ಕದಲ್ಲಿ, ಮೊದಲು ಗಟ್ಟಿ ಮಾಡಬೇಕಾದದ್ದು ನಮ್ಮ ಪೇಟೆಯ ಶಾಲೆ, ಏಳು. ಆಮೇಲೆ ಮೇಲಿನ ಹಳ್ಳಿಯದು, ಆರು. ಲಿಪಿಯಮ್ಮ ಈಗ ಆ ಶಾಲೆಯಲ್ಲೇ ಪಾಠ ಹೇಳಿಕೊಂಡು ಅದರ ಮಾಳಿಗೆಯಲ್ಲೇ ಇದ್ದಾಳಂತೆ. ಒಂದು ಪಟ್ಟಿಯಲ್ಲಾದರೂ ನಾನು ಅವಳಿಗಿಂತ ಮೇಲಿದ್ದೇನಲ್ಲ ಎಂದು ನಿನ್ನೆಯೆಲ್ಲ ಖುಷಿಯಲ್ಲಿದ್ದೆ.

ಶುಕ್ರವಾರ ಪುಸ್ತಕ ಯಂತ್ರಕ್ಕೆ ಹೋಗುತ್ತದೆ. ತಿದ್ದಿದ ಹಾಳೆಗಳು ಜೊತೆಗಿವೆ. ಊಟ ಹೊತ್ತುಹೊತ್ತಿಗೆ ಮಾಡಿ.

ಇಂತು,
ನಿಮ್ಮ ಕರಡಿನವಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇವತ್ತು ಬೆಳಿಗ್ಗೆಯ ಸಣ್ಣ ಕಂಪನ ನಿಮ್ಮ ಯಂತ್ರಕ್ಕೂ ಸಿಕ್ಕಿರುತ್ತದೆ. ಇಲ್ಲಿ ಶಾಯಿ ಬಾಟಲಿ ಗಲಗಲ ಅಂದಿತು, ಅಷ್ಟೇ. ನನ್ನ ಕೈ ಯಾಕೋ ತಾನಾಗಿ ಮೇಲಿನ ಹಳ್ಳಿಯ ಶಾಲೆಗೆ ಫೋನ್ ಮಾಡಿತು. ಎತ್ತಿದವಳು ಅವಳೇ. ಏದುಸಿರು ಬಿಡುತ್ತಾ, ಮಕ್ಕಳನ್ನೆಲ್ಲ ಅಂಗಳಕ್ಕೆ ತಂದಿದ್ದೀನಿ, ಹಿಂದಿನ ಗೋಡೆ ಇನ್ನೊಂಚೂರು ಬಾಯಿ ಬಿಟ್ಟಿದೆ, ತಾವ್ಯಾರು ಅಂತ ಕೇಳಿದಳು. ಹೇಳದೆ ಇಟ್ಟುಬಿಟ್ಟೆ.

ನಮ್ಮ ಗೋಡೆ ಭೂಕಂಪಕ್ಕೆ ಬಿರಿದದ್ದಲ್ಲ. ನೀವು ಹೋದ ಐದನೆಯ ದಿನ, ಅವಳ ಜೊತೆಗಿದ್ದೀರಿ ಎಂಬ ಸಿಟ್ಟಿಗೆ ಉಳಿ ಸುತ್ತಿಗೆ ತಗೊಂಡು ನಾನೇ ಒಡೆದೆ. ಬೇರೆ ಯಾವುದಕ್ಕೂ ನೀವು ಬರುತ್ತಿರಲಿಲ್ಲ, ಬಿರುಕಿಗೆ ಬರುತ್ತೀರಿ ಎಂದು ಗೊತ್ತಿತ್ತು. ಅಭ್ಯಾಸವಿಲ್ಲದ ಕೈ, ಮೂರನೇ ಏಟು ಹೆಬ್ಬೆರಳಿಗೆ ಬಿತ್ತು. ಅವತ್ತು ನಮ್ಮ ಮನೆಯಲ್ಲಿ ಉರುಳಿದ್ದು ಎರಡು ಪಾತ್ರೆ ಮಾತ್ರ. ಏಳನ್ನು ಐದು ಮಾಡಿ, ಅವಳ ಶಾಲೆಯನ್ನು ಪಟ್ಟಿಯ ಮೊದಲಿಗೆ ಹಾಕಿ. ಕೆಂಪು ಶಾಯಿಯಲ್ಲಿ ನಾನೇ ತಿದ್ದಿದ್ದೇನೆ, ಪಕ್ಕದಲ್ಲಿ ನಿಮ್ಮ ಸಹಿ ಬೇಕು.

ಗಾಯಗೊಂಡವರು ಒಬ್ಬರು ಎಂಬುದು ಸುಳ್ಳಲ್ಲ. ಆದರೂ ಅದನ್ನೂ ಹೊಡೆದುಹಾಕಿದ್ದೇನೆ.