ಹಿಂಬಾಗಿಲ ಕೀಲಿ

ಮಾರ್ಚ್ ೧೪, ಗುರುವಾರ, ರಾತ್ರಿ

ಆಹಾ, ಇವತ್ತು ಎಂಥ ಅಭಿನಯ! ನಮ್ಮ ಕಾರ್ಖಾನೆಯ ಬೀಗ ಹಾಕಿದ್ದ ಹಿಂಬಾಗಿಲ ಬಳಿ ಬೆಂಕಿಗೆ ಸಿಕ್ಕಿ ಸತ್ತ ಹೊಲಿಗೆಯ ಹುಡುಗಿಗಾಗಿ, ಪತ್ರಕರ್ತರೆದುರು ಮಾಡಿದ ಸಂತಾಪ ಭಾಷಣದಲ್ಲಿ ನನ್ನ ಗಂಟಲು ಸರಿಯಾದ ಮಾತಿಗೇ ಕಟ್ಟಿತು. ಅಪ್ಪನ ನಾಟಕ ಮಂಡಳಿಯಲ್ಲಿ ಕಲಿತ ವಿದ್ಯೆ! “ಕಂಪನಿ ಮಾನ ಉಳೀತು ಸಾರ್” ಎಂದು ಮ್ಯಾನೇಜರ್ ಕೈಕುಲುಕಿದ.

ಆಮೇಲೆ ಹುಡುಗಿಯ ತಾಯಿ ಹತ್ತಿರ ಬಂದಳು. “ಚೆನ್ನಾಗಿ ಅತ್ತೆ ಕಣಪ್ಪ. ಪಕ್ಕದ ಶೆಡ್ಡಿನ ಬೀಗ ತೆಗೆಸಿದ್ಯಾ?”

ನಾಟಕವಾಗಿದ್ದರೆ ಅಲ್ಲಿಗೇ ತೆರೆ ಬೀಳುತ್ತಿತ್ತು. ಆ ತಾಯಿಯ ಕಣ್ಣು ನನ್ನ ಕೋಣೆಯವರೆಗೂ ಬಂದು ಕೂತಿದೆ.

ಈಗಷ್ಟೇ ಕಾವಲುಗಾರನಿಗೆ ಫೋನ್ ಮಾಡಿ, ಆ ಶೆಡ್ಡಿನ ಹಿಂಬಾಗಿಲ ಬೀಗ ತೆಗೆ ಎಂದೆ. “ಒಳಗೆ ರಾತ್ರಿ ಪಾಳಿಯವ್ರಿದ್ದಾರೆ ಸಾರ್. ಬಟ್ಟೆ ಕದೀತಾರೆ ಅಂತ ಕೀಲಿ ನೀವೇ ಇಟ್ಕೊಂಡಿದ್ದೀರಲ್ಲ?”

ಹೌದು, ಅಂಗಿಯ ಜೇಬಿನಲ್ಲೇ ಇದೆ. ಭಾಷಣದುದ್ದಕ್ಕೂ ಎದೆ ಮುಟ್ಟಿಕೊಂಡೆನಲ್ಲ, ಆ ಕೈ ಇದ್ದದ್ದು ಇದರ ಮೇಲೆಯೇ. ಬೀಗ ತೆಗೆಯಲು ಹೊರಟೆ, ಕಾರಿನ ಕೀಲಿ ಎಲ್ಲಿ...