ಊರು ಹೊರಗೆ ಹೋಗಿತ್ತು

11 ಮಾರ್ಚ್ 2025, ಮಂಗಳವಾರ

ಕರೆಗಳ ಗ್ರಾಫಿನ ಆ ನೇರ ಗೆರೆ ಇನ್ನೂ ಕಣ್ಣಿನಲ್ಲೇ ಇದೆ. ಹಿರೇಗುಂಟನೂರು ಕಡೆಯ ಮೊಬೈಲ್ ಟವರೊಂದರಲ್ಲಿ ಊರಿನತ್ತ ಮುಖ ಮಾಡಿದ ಆಂಟೆನಾಕ್ಕೆ ಬೆಳಿಗ್ಗೆಯಿಂದ ಒಂದೂ ಕರೆ ಇಲ್ಲ. ಅಲಾರಂ ಕೂಡ ಇಲ್ಲ, ಪರದೆಯ ಮೇಲೆ ಎಲ್ಲ ಹಸಿರು. ಎಲ್ಲೋ ಕೆಟ್ಟಿದೆ ಎಂದುಕೊಂಡು, ಟವರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಟೆಕ್ನಿಷಿಯನ್ ಮಾರುತಿಯನ್ನು ಕಳಿಸಿದೆ.

ಅಲ್ಲಿಂದ ಅವನ ಫೋನು. "ಮೇಡಂ, ಟವರ್ ಚೆನ್ನಾಗೈತೆ. ಊರಾಗೇ ಯಾರೂ ಇಲ್ಲ, ಇವತ್ತು ಹೊರಬೀಡು. ಮನೆಗೆ ಬೀಗ ಹಾಕಿ, ದನಕರ ಹೊಡ್ಕಂಡು ಎಲ್ಲಾರೂ ಹೊಲದಾಗವ್ರೆ. ಈಗ ಆಫ್ ಮಾಡಿದ್ರೆ ಅವರ ಫೋನೂ ಸತ್ತೋಗ್ತವೆ."

ಪಕ್ಕದ ಗೆರೆ ನೋಡಿದೆ. ಹೊಲದ ಕಡೆಯ ಆಂಟೆನಾದಲ್ಲಿ ಇಡೀ ಊರು ಮಾತಾಡುತ್ತಿತ್ತು. ಬೇವಿನ ನೆರಳು, ಮೂರು ಕಲ್ಲಿನ ಒಲೆ, ಕೊಂಬೆಗೆ ಕಟ್ಟಿದ ಸೀರೆಯ ತೊಟ್ಟಿಲು, ಎಲ್ಲವನ್ನೂ ದುರ್ಗದ ಈ ಏಸಿ ಕೋಣೆಯಲ್ಲಿ ಕುಳಿತೇ ಕಂಡೆ.

ಹೊತ್ತು ಮುಳುಗಿದ ಮೇಲೆ ಊರಿನ ಗೆರೆ ಮೆಲ್ಲಗೆ ಎದ್ದಿತು, ಮನೆಮನೆಯಿಂದ ಒಲೆಯ ಹೊಗೆ ಏಳುವ ಹಾಗೆ. ದಿನದ ವರದಿಯಲ್ಲಿ ದೋಷದ ಕಾರಣ ಎಂಬಲ್ಲಿ 'ಊರು ಹೊರಗೆ ಹೋಗಿತ್ತು, ಮರಳಿದೆ' ಎಂದು ಬರೆದೆ. ಮೇಲಿನವರು ನಕ್ಕರೆ ನಗಲಿ.

ಹೊರಬೀಡಿನ ದಿನ ಬರಿದಾದ ಬೀದಿಗಳಲ್ಲಿ ಊರದೇವತೆ ಮಾರಮ್ಮ ಒಬ್ಬಳೇ ಓಡಾಡುತ್ತಾಳಂತೆ. ಹಾಗಾದರೆ ಹಗಲೆಲ್ಲ ನಾನು ಕಣ್ಣು ಕೀಳದೆ ನೋಡುತ್ತಿದ್ದ ಆ ಗೆರೆ, ಅವಳು ನಡೆದು ಹೋದ ದಾರಿಯೇ ಇರಬೇಕು.