ಲೋಟದಲ್ಲಿ ಜೌಗಿನ ನೀರು

ಅಕ್ಕಾ,

ಕೆಮ್ಮು ಬಿಟ್ಟರೆ ಆರಾಮ. ನಾನು ಕೆಸರು ಪರೀಕ್ಷಿಸಲು ಬಂದಿರುವ ಈ ಜೌಗಿನ ನೀರು ಹಸಿರು ಬಣ್ಣ ಕಲಸಿದಂತಿದೆ, ಮೀನು ಸತ್ತು ತೇಲುತ್ತಿವೆ. ಇದಕ್ಕೆ ಕೊಳಕು ಬಿಡುತ್ತಿದ್ದ ಸೋಪಿನ ಕಾರ್ಖಾನೆಯನ್ನು ವರ್ಷಗಳ ಹಿಂದೆಯೇ ಹೋರಾಡಿ ಮುಚ್ಚಿಸಿದ್ದು ನನ್ನ ಮನೆಯೊಡತಿಯ ಗಂಡ; ಅವರೂ ಅಲ್ಲೇ ಕೆಲಸಕ್ಕಿದ್ದವರು.

“ಮತ್ತೆ ಈಗ ಯಾರು ಸುರೀತಿದಾರೆ, ಹೇಳಿ?” ಎಂದು ಆಕೆ ನನ್ನನ್ನು ತರಾಟೆಗೆ ತೆಗೆದುಕೊಂಡರು. ಯಾರೂ ಇಲ್ಲ. ಕಾರ್ಖಾನೆ ಇದ್ದಾಗ ನುಂಗಿಟ್ಟುಕೊಂಡ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ತಳದ ಕೆಸರು ಆಮ್ಲಜನಕ ಸಿಗದಾಗಲೆಲ್ಲ ನೀರಿಗೆ ಕಕ್ಕುತ್ತಿದೆ; ಪಾಚಿ ಅದನ್ನು ತಿಂದು ಕೊಬ್ಬುತ್ತಿದೆ. ನಮ್ಮ ಕಾಲಕ್ಕೆ ಮುಗಿಯುವಂಥದ್ದಲ್ಲ ಎಂದೆ.

“ನಮ್ಮನೆಯವರಿಗೆ ಮಾತ್ರ ಹೇಳ್ಬೇಡಿ,” ಎಂದರು.

ಆಕೆಯ ಗಂಡ ದಿನಾ ಆ ನೀರನ್ನು ಲೋಟದಲ್ಲಿ ನನ್ನ ಬಳಿ ತಂದು, ಬೆಳಕಿಗೆ ಹಿಡಿದು, “ನಿನ್ನೆಗಿಂತ ತಿಳಿಯಾಗಿದೆ ಅಲ್ವಾ?” ಎನ್ನುತ್ತಾರೆ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ ತಂಗಿ